ತಾನ್ಸಾ ದಂಡೆಯ ಬಿಸಿನೀರು ಯಾರದ್ದು?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಕಡೆ ನಿಮ್ಮ ನೆಂಟರಿದ್ದರೆ, "ಒಂದು ದಿನ ವಜ್ರೇಶ್ವರಿಗೆ ಹೋಗಿ ಬರುವಾ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಭಿವಂಡಿ ದಾಟಿ, ಅಂಬಾಡಿಯಲ್ಲಿ ತಿರುಗಿದರೆ ತಾನ್ಸಾ ನದಿಯ ಕಣಿವೆ ಸಿಗುತ್ತದೆ. ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿ ಈ ಮೂರು ಊರುಗಳ ಸುತ್ತಮುತ್ತ, ಐದಾರು ಕಿಲೋಮೀಟರಿನೊಳಗೆ ಸುಮಾರು 20 ಬಿಸಿನೀರಿನ ಬುಗ್ಗೆಗಳಿವೆ. ಕೆಲವಕ್ಕೆ ಕಲ್ಲಿನ ಕುಂಡ ಕಟ್ಟಿದ್ದಾರೆ, ಕೆಲವು ನದಿಯ ಪಾತ್ರದಲ್ಲೇ ಉಕ್ಕುತ್ತವೆ. ಮೊಣಕಾಲು ನೋವಿನವರು, ಚರ್ಮರೋಗದವರು, ಸುಮ್ಮನೆ ಮೈ ಹಗುರ ಮಾಡಿಕೊಳ್ಳುವವರು ಎಲ್ಲರೂ ಅಲ್ಲಿಗೆ ಬರುತ್ತಾರೆ.

ನೀರು ಬಿಸಿಯಾಗುವುದು ಹೇಗೆ? ಅಡಿಯಲ್ಲಿ ಜ್ವಾಲಾಮುಖಿ ಇದೆ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಮಳೆನೀರು ಕಪ್ಪು ಬಂಡೆಯ ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿಯುತ್ತದೆ. ಆಳಕ್ಕೆ ಹೋದಷ್ಟೂ ಭೂಮಿ ಬಿಸಿ. ಅಲ್ಲಿ ಕಾದ ನೀರು ಇನ್ನೊಂದು ಬಿರುಕು ಹಿಡಿದು ಮೇಲೆ ಬರುತ್ತದೆ. ಪಾಲ್ಘರ್‌ನಿಂದ ರತ್ನಾಗಿರಿ ಜಿಲ್ಲೆಯ ರಾಜಾಪುರದವರೆಗೆ ಕೊಂಕಣದುದ್ದಕ್ಕೂ ಇಂಥ ಬುಗ್ಗೆಗಳ ಸಾಲೇ ಇದೆ. ಸ್ಥಳೀಯರ ನಂಬಿಕೆ ಬೇರೆ: ದೇವಿ ಕೊಂದ ಅಸುರರ ನೆತ್ತರೇ ಬಿಸಿನೀರಾಯಿತಂತೆ.

ಇಲ್ಲಿಯ ಇತಿಹಾಸ ಕೇಳಿದರೆ ಮೊದಲು ಹೇಳುವುದು ಯುದ್ಧದ ಕಥೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾಹ ವಸಾಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1739ರಲ್ಲಿ ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾ ಅದನ್ನು ಗೆದ್ದ. ಕೋಟೆ ಕೈವಶವಾದರೆ ಗುಡಿ ಕಟ್ಟಿಸುತ್ತೇನೆ ಎಂಬ ಅವನ ಹರಕೆಯಿಂದಲೇ ಈಗಿನ ವಜ್ರೇಶ್ವರಿ ದೇವಸ್ಥಾನ ಎದ್ದಿತು ಎನ್ನುತ್ತಾರೆ. ಸುಲ್ತಾನ, ಪೋರ್ಚುಗೀಸರು, ಮರಾಠರು ಎಲ್ಲರೂ ಬಂದು ಹೋದರು. ನೀರು ಮಾತ್ರ ತನ್ನ ಪಾಡಿಗೆ ಉಕ್ಕುತ್ತಲೇ ಇತ್ತು.

ಯುದ್ಧವಿಲ್ಲದ ಇನ್ನೊಂದು ಇತಿಹಾಸವೂ ಇದೆ, ಅದು ನಮ್ಮ ಕರಾವಳಿಗೆ ಸೇರಿದ್ದು. ಕಾಸರಗೋಡಿನ ಕಾಞಂಗಾಡಿನಲ್ಲಿದ್ದ ನಿತ್ಯಾನಂದ ಸ್ವಾಮಿಗಳು 1930ರ ದಶಕದಲ್ಲಿ ಗಣೇಶಪುರಿಗೆ ಬಂದು, 1961ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಬಿಸಿನೀರಿನ ಕುಂಡಗಳ ಬಳಿ ನೆಲೆಸಿದರು. ಮಂಗಳೂರಿನ ತುಳಸಿಯಮ್ಮ ಎಂಬವರು ಅವರ ಮಾತುಗಳನ್ನು ಕನ್ನಡದಲ್ಲೇ ಬರೆದಿಟ್ಟಿದ್ದರು. ಮುಂಬಯಿಯ ಕನ್ನಡ, ತುಳು, ಕೊಂಕಣಿ ಮಾತಿನ ಮಂದಿ ಈ ಹಾದಿ ಹಿಡಿದದ್ದರ ಹಿಂದೆ ಈ ಊರ ನಂಟೂ ಇದೆ. ಮಗ್ಗದ ಮುಂದೆ ನಿಂತು ನಿಂತು ನೋಯುವ ಭಿವಂಡಿಯ ನೇಕಾರನ ಕಾಲಿಗೂ, ಒಲೆಯ ಮುಂದೆ ನಿಂತ ಹೋಟೆಲ್ ಕೆಲಸದವನ ಕಾಲಿಗೂ ವ್ಯತ್ಯಾಸವೇನು ಹೇಳಿ?

ಹಾಗಂತ ನೀರು ಎಲ್ಲರಿಗೂ ಸುಲಭಕ್ಕೆ ದಕ್ಕಿತು ಅಂತ ತಿಳಿಯಬೇಡಿ. ಇದೇ ಬುಗ್ಗೆಗಳ ಸಾಲಿನಲ್ಲಿ, ದಕ್ಷಿಣಕ್ಕೆ, ಮಹಾಡ್ ಪಟ್ಟಣದ ಹತ್ತಿರ ಸಾವ್ ಎಂಬ ಬಿಸಿನೀರಿನ ಊರಿದೆ. ಆ ಮಹಾಡ್‌ನಲ್ಲೇ 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಚವದಾರ್ ಕೆರೆಯ ನೀರು ಕುಡಿದರು. ಸಾರ್ವಜನಿಕ ನೀರನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು ಮುಂಬಯಿ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಆದರೂ ಅಂದು ನೀರು ಮುಟ್ಟಿದವರ ಮೇಲೆ ಹಲ್ಲೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೇ ಸಮ್ಮೇಳನಕ್ಕೆ ಮಹಾಡ್‌ನಲ್ಲಿ ಜಾಗ ಸಿಗದೇ ಹೋದಾಗ, ತನ್ನ ಜಮೀನು ಕೊಟ್ಟವರು ಫತ್ತೇಖಾನ್ ಎಂಬ ಮುಸ್ಲಿಂ ಗೃಹಸ್ಥರು. ನಮ್ಮ ವಿದ್ಯಾರ್ಥಿಗಳು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಎಲ್ಲರಿಗೂ ಪಾಲಿದೆ ಎಂಬ ಅರ್ಥದ ಹದೀಸ್ ನೀವು ಕೇಳಿದ್ದೀರಿ. ಬಿಸಿನೀರಿನ ಬುಗ್ಗೆಯಲ್ಲಿ ಅವುಗಳಲ್ಲಿ ಎರಡು ಒಟ್ಟಿಗೇ ಇವೆ ನೋಡಿ! ಕರಾಚಿಯ ಮಂಘೋಪೀರ್ ದರ್ಗಾದ ಬುಗ್ಗೆಗೂ ಚರ್ಮರೋಗದವರು ಹೀಗೇ ಹೋಗುತ್ತಾರೆ. ನಮ್ಮ ಪುತ್ತೂರಿನ ಬಳಿ ಇರ್ದೆಯಲ್ಲೂ ಬೆಂದ್ರ್ ತೀರ್ಥವಿದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು ಎಂದೇ ಅರ್ಥ.

ಹೋಗುವುದಾದರೆ ಒಂದೆರಡು ಮಾತು. ಮೊದಲು ಕಾಲು ಅದ್ದಿ ಬಿಸಿ ನೋಡಿ. ತುಂಬಾ ಹೊತ್ತು ಕೂರಬೇಡಿ, ತಲೆ ತಿರುಗೀತು. ಬಿಪಿ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಇಳಿಯಿರಿ. ಮೈಯಲ್ಲಿ ಗಾಯವಿದ್ದರೆ ಇಳಿಯಲೇಬೇಡಿ. ಸೋಪು, ಶಾಂಪೂ ಪ್ಯಾಕೆಟ್ ಕುಂಡದಲ್ಲಿ ಬಿಡಬೇಡಿ.

ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತವರ ಹೆಸರು, ಜಾತಿ ಕೇಳುವ ಬದಲು, ಅವರ ಮೊಣಕಾಲು ನೋವು ಹೇಗಿದೆ ಅಂತ ಕೇಳಿ. ಮಾತು ಅಲ್ಲಿಂದ ತಾನಾಗಿ ಮುಂದುವರಿಯುತ್ತದೆ. ಸ್ವಲ್ಪ ಸರಿದು ಇನ್ನೊಬ್ಬರಿಗೂ ಜಾಗ ಕೊಡಿ.