ಕೊನೆಯ ಕಣ್ಸನ್ನೆ: ‘ಫ್ಯಾಮಿಲಿ ಪ್ಲಾಟ್’ ಚಿತ್ರದ ಲಘುತ್ವ ಮತ್ತು ಪ್ರೇಕ್ಷಕನ ತಿಳಿವು

ಆಲ್‌ಫ್ರೆಡ್ ಹಿಚ್‌ಕಾಕ್‌ನ 53ನೆಯ ಮತ್ತು ಕೊನೆಯ ಚಿತ್ರ ‘ಫ್ಯಾಮಿಲಿ ಪ್ಲಾಟ್’ 1976ರಲ್ಲಿ ತೆರೆ ಕಂಡಾಗ ಅವನಿಗೆ 76 ವರ್ಷ. ಅಂದಿನಿಂದ ಇಂದಿನವರೆಗೆ ನೋಡುಗರ ಅಭಿಪ್ರಾಯ ಎರಡು ಕವಲಾಗಿ ಹರಿದಿದೆ. ಒಂದು ಕವಲಿನವರಿಗೆ ಇದು ದಣಿದ ಮುದುಕನ ಬಿಡುವಿನ ಕೆಲಸ. ಇನ್ನೊಂದು ಕವಲಿನವರಿಗೆ ಹಗುರಾದ, ತುಂಟ ವಿನೋದ. ವಿಮರ್ಶಕ ರೋಜರ್ ಎಬರ್ಟ್ ಎರಡನೆಯ ಸಾಲಿಗೆ ಸೇರಿದವರು: ಹಳೆಯ ಹಿಚ್‌ಕಾಕ್‌ನ ಕಟ್ಟುನಿಟ್ಟೂ ಹೊಸದೊಂದು ಕರಾಳ ಹಾಸ್ಯವೂ ಅವರಿಗೆ ಒಟ್ಟಿಗೇ ಕಂಡವು. ಡೊನಾಲ್ಡ್ ಸ್ಪೋಟೋ 1983ರಲ್ಲಿ ಬರೆದ ಜೀವನಚರಿತ್ರೆ ಹಿಚ್‌ಕಾಕ್‌ನ ಕೊನೆಯ ವರ್ಷಗಳನ್ನು ಕತ್ತಲಾಗಿ ಚಿತ್ರಿಸಿದ ಮೇಲೆ, ಆ ಕತ್ತಲನ್ನು ಚಿತ್ರದ ಮೇಲೂ ಹೊದಿಸಿ ನೋಡುವುದು ಸುಲಭವಾಯಿತು. ಮೆಚ್ಚಿದವರೂ ಮೆಚ್ಚದವರೂ ಲಘುತ್ವವನ್ನು ಕೇವಲ ಮನೋಧರ್ಮವೆಂದು ಬಗೆದಿದ್ದಾರೆ. ಅದು ಕಥೆ ಕಟ್ಟಿದ ರೀತಿಯಿಂದ ಹುಟ್ಟಿದ್ದು ಎಂಬುದು ನನ್ನ ವಾದ.

ಹಿನ್ನೆಲೆ ಹೆಚ್ಚು ಬೇಕಿಲ್ಲ. ಮೂಲ ವಿಕ್ಟರ್ ಕ್ಯಾನಿಂಗ್‌ನ ‘ದಿ ರೇನ್‌ಬರ್ಡ್ ಪ್ಯಾಟರ್ನ್’ (1972) ಎಂಬ ಇಂಗ್ಲೆಂಡಿನ ಹಿನ್ನೆಲೆಯ, ನಗೆಗೆ ಅಷ್ಟಾಗಿ ಎಡೆಯಿಲ್ಲದ ಕಾದಂಬರಿ. ಚಿತ್ರಕಥೆ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಬರೆದ ಅರ್ನೆಸ್ಟ್ ಲೇಮನ್‌ನದು. ಅವನಿಗೆ ಕಥೆ ಗಾಢವಾಗಿ, ಗಂಭೀರವಾಗಿ ಬೇಕಿತ್ತು. ಹಿಚ್‌ಕಾಕ್ ಅದನ್ನು ಮತ್ತೆ ಮತ್ತೆ ಹಾಸ್ಯದ ಕಡೆ ಎಳೆದ. ಹಾಗಾದರೆ ಈ ಲಘುತ್ವ ತಾನಾಗಿ ಬಂದದ್ದಲ್ಲ, ಜಗಳವಾಡಿ ಗೆದ್ದದ್ದು. ದಣಿವಿನ ವಾದಕ್ಕೆ ಇಷ್ಟೇ ಸಾಕಷ್ಟು ದೊಡ್ಡ ಅಡ್ಡಿ.

ಈಗ ವಿವಾದದ ಬಿಂದುವಾದ ಕೊನೆಯ ದೃಶ್ಯಕ್ಕೆ ಬರೋಣ. ಅಪಹರಣಕಾರರಾದ ಆಡಮ್‌ಸನ್ ಮತ್ತು ಫ್ರಾನ್ ನೆಲಮಾಳಿಗೆಯ ಗುಪ್ತಕೋಣೆಯಲ್ಲಿ ಸಿಕ್ಕಿಬಿದ್ದ ಮೇಲೆ, ಸುಳ್ಳು ಕಣಿ ಹೇಳಿ ಬದುಕುವ ಬ್ಲಾಂಚ್ ಮೈಮೇಲೆ ಬಂದವಳಂತೆ ನಡೆದು ಮೆಟ್ಟಿಲ ಬಳಿ ನಿಂತು ತೂಗುದೀಪದ ಕಡೆ ಕೈ ತೋರಿಸುತ್ತಾಳೆ. ಅದರ ಹರಳುಗಳ ನಡುವೆ ಅಪಹರಣಕಾರರು ಒತ್ತೆಹಣವಾಗಿ ಪಡೆದ ವಜ್ರ. ಅವಳ ಗೆಳೆಯ, ಟ್ಯಾಕ್ಸಿ ಚಾಲಕ ಜಾರ್ಜ್ ಬೆರಗಾಗಿ, ನಿನಗೆ ನಿಜವಾಗಿಯೂ ಶಕ್ತಿಯಿದೆ ಎಂದು ಕೂಗಿ ಪೊಲೀಸರಿಗೆ ಫೋನು ಮಾಡಲು ಹೋಗುತ್ತಾನೆ. ಬ್ಲಾಂಚ್ ನಮ್ಮ ಕಡೆ ನೋಡಿ ಕಣ್ಣು ಹೊಡೆಯುತ್ತಾಳೆ. ಚಿತ್ರ ಮುಗಿಯುತ್ತದೆ.

ಅವಳಿಗೆ ಅದು ಹೇಗೆ ತಿಳಿಯಿತು? ಮೂರ್ಛೆಯ ಸೋಗು ಹಾಕಿ ಮಲಗಿದ್ದಾಗ ಕಳ್ಳರ ಮಾತು ಕಿವಿಗೆ ಬಿದ್ದಿರಬೇಕು ಎಂಬುದು ಒಂದು ಉತ್ತರ. ಸುಳ್ಳು ಕಣಿ ಹೇಳುತ್ತಿದ್ದವಳಿಗೆ ಒಮ್ಮೆ ನಿಜವಾದ ಕಣಿಯೇ ಒಲಿಯಿತು ಎಂಬುದು ಇನ್ನೊಂದು. ಮೊದಲ ಉತ್ತರ ಅವಳ ಸ್ವಭಾವಕ್ಕೆ ಒಗ್ಗುತ್ತದೆ. ಆರಂಭದಲ್ಲಿ, ಮನೆತನದ ಉತ್ತರಾಧಿಕಾರಿಯನ್ನು ಹುಡುಕಿಸುತ್ತಿರುವ ಸಿರಿವಂತ ವೃದ್ಧೆ ಜೂಲಿಯಾ ರೇನ್‌ಬರ್ಡ್‌ಳ ಮುಂದೆ ‘ಹೆನ್ರಿ’ ಎಂಬ ಆತ್ಮದ ಗಡಸು ದನಿಯಲ್ಲಿ ಮಾತಾಡಿದವಳು, ಮರುಗಳಿಗೆಯೇ ಜಾರ್ಜ್‌ನ ಟ್ಯಾಕ್ಸಿಯಲ್ಲಿ ಹತ್ತು ಸಾವಿರ ಡಾಲರ್ ಇನಾಮಿನ ಲೆಕ್ಕ ಹಾಕುತ್ತಾಳೆ. ಅವಳ ದಿವ್ಯದೃಷ್ಟಿಯೆಲ್ಲ ಜಾರ್ಜ್ ಓಡಾಡಿ ತಂದ ಸುದ್ದಿ. ಆದರೆ ಕೊನೆಯ ಸಲ ಸುದ್ದಿ ತಂದವನು ಜಾರ್ಜ್ ಅಲ್ಲ, ಅವನೇ ಅಚ್ಚರಿಪಡುತ್ತಾನೆ. ಎರಡನೆಯ ಪಂಗಡದವರು ಹಿಡಿದುಕೊಳ್ಳುವುದು ಇದನ್ನೇ.

ಎರಡೂ ಪಂಗಡಗಳು ಬ್ಲಾಂಚ್‌ಳ ತಲೆಯೊಳಗೆ ಹುಡುಕುತ್ತಿವೆ. ಕಣ್ಸನ್ನೆ ಹೋದದ್ದು ನಮ್ಮ ಕಡೆಗೆ. ವಜ್ರವನ್ನು ಎಲ್ಲರಿಗೂ ಕಾಣುವ ಕಡೆಯೇ ಬಚ್ಚಿಡುತ್ತೇನೆ ಎಂಬರ್ಥದ ಮಾತನ್ನು ಆಡಮ್‌ಸನ್ ಚಿತ್ರದ ಮೊದಲ ಭಾಗದಲ್ಲೇ ಆಡಿರುತ್ತಾನೆ, ಕ್ಯಾಮೆರಾ ಆಗಲೇ ತೂಗುದೀಪವನ್ನು ನಮಗೆ ತೋರಿಸಿರುತ್ತದೆ. ಬ್ಲಾಂಚ್‌ಗೆ ಯಾವ ದಾರಿಯಿಂದ ತಿಳಿದಿರಲಿ, ನಮಗೆ ಮೊದಲೇ ತಿಳಿದಿತ್ತು. ಈ ಚಿತ್ರದಲ್ಲಿ ಕಣಿ ಬಲ್ಲವನು ಯಾರಾದರೂ ಇದ್ದರೆ ಅವನು ಪ್ರೇಕ್ಷಕ. ಕೊನೆಯ ಚೌಕಟ್ಟಿನಲ್ಲಿ ಬ್ಲಾಂಚ್ ಅವನ ಸರಿಸಮಕ್ಕೆ ಬಂದು ನಿಲ್ಲುತ್ತಾಳೆ. ಕಂಪನಿ ನಾಟಕದ ಹಾಸ್ಯಪಾತ್ರ ಕಥೆಯಿಂದ ಅರ್ಧ ಹೊರಬಂದು ಸಭೆಯೊಡನೆ ಮಾತಾಡುವುದನ್ನು ಬಲ್ಲ ಕನ್ನಡಿಗರಿಗೆ ಈ ನಡೆ ಅಪರಿಚಿತವೇನಲ್ಲ.

ಈ ಓದನ್ನು ಇಡೀ ಚಿತ್ರಕ್ಕೆ ಚಾಚಬಹುದೆ? ಎಚ್ಚರದಿಂದ ಚಾಚಬಹುದು. ಬಾಂಬು ಮೇಜಿನಡಿ ಇದೆಯೆಂದು ನೋಡುಗನಿಗೆ ಮೊದಲೇ ಹೇಳಿಬಿಟ್ಟರೆ ಆತಂಕ ಹುಟ್ಟುತ್ತದೆ ಎಂದು ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋಗೆ ವಿವರಿಸಿದ್ದು ಪ್ರಸಿದ್ಧ. ಇಲ್ಲಿ ಮೇಜಿನಡಿ ಇರುವುದು ಬಾಂಬಲ್ಲ, ಆಸ್ತಿ. ಬ್ಲಾಂಚ್ ಮತ್ತು ಜಾರ್ಜ್ ಹುಡುಕುತ್ತಿರುವ ಎಡ್ವರ್ಡ್ ಶೂಬ್ರಿಜ್‌ನೇ ಆಡಮ್‌ಸನ್. ಅವರು ಹೊತ್ತು ತರುತ್ತಿರುವುದು ರೇನ್‌ಬರ್ಡ್ ಮನೆತನದ ಉತ್ತರಾಧಿಕಾರದ ಸಿಹಿಸುದ್ದಿ. ತನ್ನ ಹಳೆಯ ಪಾಪ ಬೆನ್ನು ಹತ್ತಿದೆ ಎಂದುಕೊಂಡ ಆಡಮ್‌ಸನ್, ಸಂಪತ್ತು ತಂದವರನ್ನೇ ಕೊಲ್ಲಿಸಲು ಹೊರಡುತ್ತಾನೆ. ಎರಡೂ ಬದಿಯ ಲೆಕ್ಕ ಗೊತ್ತಿರುವುದು ನಮಗೊಬ್ಬರಿಗೇ. ನಗೆ ಅಲ್ಲಿಂದ ಬರುತ್ತದೆ.

ಆದರೆ ಮೊದಲೇ ಗುಟ್ಟು ಬಿಟ್ಟುಕೊಡುವುದೊಂದೇ ಲಘುತ್ವಕ್ಕೆ ಕಾರಣ ಎನ್ನುವಂತಿಲ್ಲ. ‘ಫ್ರೆಂಜಿ’ (1972) ಕೂಡ ಕೊಲೆಗಾರನನ್ನು ಬೇಗನೆ ತೋರಿಸಿಬಿಡುತ್ತದೆ. ಅದನ್ನು ಯಾರೂ ಹಗುರ ಎನ್ನರು. ಹಾಗಾಗಿ ನನ್ನ ಮಾತನ್ನು ಕಿರಿದುಗೊಳಿಸಬೇಕು: ಮೊದಲೇ ತಿಳಿದದ್ದು ಕೇಡಿನ ಸುದ್ದಿಯಲ್ಲದೆ ಕೈತಪ್ಪಬಹುದಾದ ಒಳಿತಿನ ಸುದ್ದಿಯೂ ಆಗಿದ್ದಾಗ ಮಾತ್ರ ಈ ಹಗುರತನ ಸಾಧ್ಯ. ಅದೂ ಎಲ್ಲ ದೃಶ್ಯಗಳಿಗೂ ಅನ್ವಯಿಸದು. ಬ್ರೇಕಿಲ್ಲದ ಕಾರು ಬೆಟ್ಟದ ದಾರಿಯಲ್ಲಿ ಉರುಳುವಾಗ ಸ್ಟೀರಿಂಗ್ ಹಿಡಿದ ಜಾರ್ಜ್‌ನ ಮೇಲೆ ಬ್ಲಾಂಚ್ ಹತ್ತಿ ಬೀಳುವ ದೃಶ್ಯ ಬರಿಯ ದೈಹಿಕ ಹಾಸ್ಯ. ಅಲ್ಲಿ ನಮ್ಮ ಹೆಚ್ಚುವರಿ ತಿಳಿವಿಗೆ ಕೆಲಸವಿಲ್ಲ, ಹಿನ್ನೆಲೆಯ ಪರದೆಯ ಕೃತಕತೆಯೂ ಎದ್ದು ಕಾಣುತ್ತದೆ. ಆ ದೃಶ್ಯವನ್ನು ಮೆಚ್ಚದವರೊಡನೆ ನನಗೆ ತಕರಾರಿಲ್ಲ.

ಒಂದು ತೊಡಕು ಉಳಿಯುತ್ತದೆ. ನನ್ನ ಓದು ನಿಲ್ಲುವುದು ತೂಗುದೀಪದ ಆ ಮೊದಲ ನೋಟವನ್ನು ಪ್ರೇಕ್ಷಕ ನೆನಪಿಟ್ಟಿದ್ದರೆ ಮಾತ್ರ. ದ್ವಾರಕಾದ ಫ್ಲ್ಯಾಟಿನಲ್ಲಿ ಟಿವಿಯ ಮುಂದೆ ಕೂತ ನನ್ನಂಥವರಿಗೆ ಚಿತ್ರವನ್ನು ಹಿಂದಕ್ಕೆ ಸರಿಸಿ ಅದನ್ನು ಮತ್ತೆ ನೋಡುವ ಅನುಕೂಲವಿದೆ. 1976ರಲ್ಲಿ ಚಿತ್ರಮಂದಿರದಲ್ಲಿ ಕೂತವರಿಗೆ ಅದಿರಲಿಲ್ಲ. ಅವರಲ್ಲಿ ಅದನ್ನು ಮರೆತವರಿಗೆ ಕೊನೆಯ ಕಣ್ಸನ್ನೆ ಬೇರೆಯೇ ಅರ್ಥ ಕೊಟ್ಟಿರಬಹುದು: ಒಪ್ಪಂದಕ್ಕಿಂತ ಚೇಷ್ಟೆಯಾಗಿ, ಹಂಚಿಕೊಂಡ ತಿಳಿವಿಗಿಂತ ಬಿಟ್ಟುಕೊಡದ ಗುಟ್ಟಾಗಿ. ದಣಿವು ಕಂಡವರೂ ವಿನೋದ ಕಂಡವರೂ ಬೇರ್ಪಟ್ಟದ್ದು ಈ ನೆನಪಿನ ವ್ಯತ್ಯಾಸದಿಂದಲೇ ಎಂಬುದನ್ನು ಚಿತ್ರವೊಂದನ್ನೇ ಮುಂದಿಟ್ಟುಕೊಂಡು ತೀರ್ಮಾನಿಸಲಾಗದು; ಅದಕ್ಕೆ ಆ ಕಾಲದ ನೋಡುಗರ ಬರಹಗಳನ್ನು ಸಾಲಾಗಿ ಓದಬೇಕು.