ನಾಲ್ಕು ಹೊಲದ ಲೆಕ್ಕ

ಗಂಗಾವತಿಯ ಭತ್ತದ ಗದ್ದೆಗೂ ಕುಷ್ಟಗಿಯ ಸಜ್ಜೆಯ ಹೊಲಕ್ಕೂ ಇರುವ ಅಂತರವನ್ನು ತಿಳಿಯಲು ಗಣಿತ ಬೇಡ. ತುಂಗಭದ್ರೆಯ ಎಡದಂಡೆ ಕಾಲುವೆಯೇ ಸಾರುತ್ತದೆ. ತೊಡಕು ಇರುವುದು ಮಳೆಯನ್ನೇ ನಂಬಿದ ಹೊಲಗಳಲ್ಲಿ. ಕೊಪ್ಪಳದ ಒಂದೂರಿನಲ್ಲಿ ನಾಲ್ಕು ಹೊಲ, ಯಲಬುರ್ಗಾದ ಒಂದೂರಿನಲ್ಲಿ ನಾಲ್ಕು ಹೊಲ ಕೊಯ್ದು ತೂಗಿದಾಗ ಸರಾಸರಿಗಳು ಬೇರೆಯಾದರೆ, ಅದು ನಿಜವಾದ ಭೇದವೋ, ಹೊಲ ಆರಿಸಿದ ಆಕಸ್ಮಿಕವೋ?

ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್ಟನಿಗೂ ಬಾರ್ಲಿಯ ವಿಷಯದಲ್ಲಿ ಇದೇ ಚಿಂತೆ. ಸಣ್ಣ ಮಾದರಿಯನ್ನು ಎಷ್ಟು ನಂಬಬಹುದೆಂಬುದನ್ನು ಆತ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ ಪ್ರಕಟಿಸಿದ. ತಾಳೆ ನೋಡಲು 3000 ಕೈದಿಗಳ ಎತ್ತರ, ಎಡಗೈ ನಡುಬೆರಳಿನ ಅಳತೆಗಳನ್ನು ರಟ್ಟಿನ ಚೀಟಿಗಳಲ್ಲಿ ಬರೆದು, ಕಲಸಿ, ನಾಲ್ಕು ನಾಲ್ಕರ 750 ಗುಂಪು ಮಾಡಿದ. ಎಂಥ ತಾಳ್ಮೆ!

2016ರ ಫಸಲ್ ಬಿಮಾ ಯೋಜನೆಯ ನಿಯಮದಲ್ಲೂ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಕಟಾವು ಪ್ರಯೋಗಗಳೇ. ಸರಾಸರಿ ನಿಗದಿತ ಇಳುವರಿಗಿಂತ ಕೆಳಗಿಳಿದರೆ ಪರಿಹಾರವುಂಟು, ಇಲ್ಲವಾದರೆ ಇಲ್ಲ. ಬೇರೆ ನಾಲ್ಕು ಹೊಲ ಕೊಯ್ದಿದ್ದರೆ?

ಮಳೆಯಿಂದ ಇಳುವರಿಯನ್ನು ಅಂದಾಜಿಸಲು ಗೆರೆ ಎಳೆಯಬಹುದು. ತಂದೆತಾಯಿಗಳ ಎತ್ತರದಿಂದ ಮಕ್ಕಳ ಎತ್ತರಕ್ಕೆ ಗಾಲ್ಟನ್ 1886ರಲ್ಲಿ ಎಳೆದು ತೋರಿಸಿದಂತೆ. ಆದರೆ ಕಾಲುವೆಯ ಹೊಲಗಳನ್ನೂ ಅದಕ್ಕೇ ಸೇರಿಸಿಬಿಟ್ಟರೆ, ಮಳೆ ತಪ್ಪಿದರೂ ಬೆಳೆ ಅಷ್ಟೇನೂ ಕುಂದದೆಂದು ಗೆರೆ ಹೇಳೀತು. ಕುಷ್ಟಗಿಯ ರೈತನ ಮಟ್ಟಿಗೆ ಅದು ಶುದ್ಧ ಸುಳ್ಳು.