ದೊಡ್ಡಬಳ್ಳಾಪುರದ ರೇಷ್ಮೆಗೆ ಯಾವ ನಂಬರ್?

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಹೋಗಿದ್ದೀರಾ? ಪವರ್‌ಲೂಮ್ ಸದ್ದು ಕಿವಿಗೆ ಬಿದ್ದೇ ಬೀಳುತ್ತೆ. ಅಲ್ಲಿ ರೇಷ್ಮೆ ನೇಯುವಾಗ ಹಾಸಿನ ಎಳೆ ಯಾಕೆ ಕಡಿಯುತ್ತೆ ಅಂತ ಯಾರೋ ನಾಲ್ಕು ಪುಟದ ಲೇಖನ ಬರೆದರು ಅಂದ್ಕೊಳ್ಳಿ. ಲೈಬ್ರರಿಯವರು ಅದಕ್ಕೆ ಬರೀ ‘ಜವಳಿ’ ನಂಬರ್ ಹಾಕಿದರೆ? ನೂರಾರು ಬರಹಗಳ ಮಧ್ಯೆ ಕಳೆದೇ ಹೋಯ್ತು. ಬೇಕಾದವರ ಕೈಗೆ ಸಿಗಲ್ಲ.

ಈ ಕಷ್ಟಕ್ಕೆ ದಾರಿ ಹುಡುಕಿದವರು ಎಸ್. ಆರ್. ರಂಗನಾಥನ್. 1924–25ರಲ್ಲಿ ಲಂಡನ್ನಿನಲ್ಲಿದ್ದಾಗ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ನೋಡಿದರು. ಬಿಡಿಭಾಗಗಳು ಅವೇ, ಜೋಡಿಸಿದ ಹಾಗೆ ವಸ್ತು ಬೇರೆ! ವಿಷಯಗಳನ್ನೂ ಹೀಗೇ ಜೋಡಿಸಬಹುದಲ್ಲ ಅನ್ನಿಸಿತು. 1933ರಲ್ಲಿ ಕೋಲನ್ ವರ್ಗೀಕರಣ ಅಚ್ಚಾಯಿತು.

ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಭಾರತೀಯ ಸಾಂಖ್ಯಿಕ ಸಂಸ್ಥೆಯಡಿ 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಶುರುವಾಯಿತು. ದಪ್ಪ ಪುಸ್ತಕಕ್ಕಷ್ಟೇ ಅಲ್ಲ, ಸಣ್ಣ ಲೇಖನಕ್ಕೂ ನಿಖರ ವಿಳಾಸ ಬೇಕು ಅನ್ನೋದು ಅಲ್ಲಿನ ಹಟ. ಅದಕ್ಕೇ ‘ಆಳ ವರ್ಗೀಕರಣ’: ಒಂದು ಕಸುಬಿನ ಬರಹಗಳನ್ನು ಓದಿ, ಶೀರ್ಷಿಕೆಗಳನ್ನು ಬಿಡಿಸಿ, ಪದಗಳನ್ನು ಗುಂಪು ಮಾಡಿ, ಆ ವಿಷಯಕ್ಕೇ ಪ್ರತ್ಯೇಕ ಪಟ್ಟಿ ಕಟ್ಟೋದು.

ನಮ್ಮ ಲೇಖನವನ್ನೇ ಬಿಡಿಸೋಣ: ಬಟ್ಟೆ, ರೇಷ್ಮೆ ಎಳೆ, ನೇಯ್ಗೆ, ದೊಡ್ಡಬಳ್ಳಾಪುರ, ವರ್ಷ. ವಸ್ತು, ದ್ರವ್ಯ, ಕ್ರಿಯೆ, ಸ್ಥಳ, ಕಾಲ. ಐದೂ ಮುಖ ಸೇರಿದರೆ ವಿಳಾಸ ಪೂರ್ತಿ.

ರಂಗನಾಥನ್ 1972ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು. ಇವತ್ತು ಸರ್ಚ್ ಇದೆ, ನಿಜ. ಆದರೆ ಒಬ್ಬ ನೇಕಾರರ ಅನುಭವ ಇನ್ನೊಬ್ಬರಿಗೆ ತಲುಪಬೇಕಾದರೆ, ಯಾರಾದರೂ ಮೊದಲು ಅದಕ್ಕೆ ಸರಿಯಾದ ಹೆಸರುಗಳನ್ನು ಕೊಟ್ಟಿರಲೇಬೇಕು. ನಿಮ್ಮ ಮನೆ ಕಸುಬನ್ನೂ ಹೀಗೆ ಐದು ಮುಖವಾಗಿ ಬಿಡಿಸಿ ನೋಡಿ.

#ನಮ್ಮೂರಇತಿಹಾಸ #ದೊಡ್ಡಬಳ್ಳಾಪುರ #ಗ್ರಂಥಾಲಯ